ಎನ್‌ಎಸ್ ಅನ್ನೋ ಎರಡಕ್ಷರದ ಹಿಂದೆ

ಐಫೋನಿನ ಹಳೇ ಕೋಡ್ ನೋಡಿದವರಿಗೆ ಗೊತ್ತಿರುತ್ತೆ, ಸ್ಟ್ರಿಂಗ್, ಅರೇ ಎಲ್ಲದರ ಹೆಸರಿನ ಮುಂದೂ 'ಎನ್‌ಎಸ್' ಅಂತ ಇರುತ್ತೆ. ನಾನೂ ಬಹಳ ದಿನ ಯೋಚಿಸದೆ ಟೈಪ್ ಮಾಡಿದ್ದೇ ಮಾಡಿದ್ದು! ಅದು ನೆಕ್ಸ್ಟ್‌ಸ್ಟೆಪ್‌ನ ಗುರುತು. 1985ರಲ್ಲಿ ಆಪಲ್‌ನಿಂದ ಹೊರಬಿದ್ದ ಸ್ಟೀವ್ ಜಾಬ್ಸ್ ಕಟ್ಟಿದ ನೆಕ್ಸ್ಟ್ ಕಂಪನಿಯ ಆಪರೇಟಿಂಗ್ ಸಿಸ್ಟಂ.

ಅದರ ಭಾಷೆ ಆಬ್ಜೆಕ್ಟಿವ್-ಸಿ. 1980ರ ದಶಕದ ಶುರುವಿನಲ್ಲಿ ಬ್ರಾಡ್ ಕಾಕ್ಸ್ ಮತ್ತು ಟಾಮ್ ಲವ್ ಸೇರಿ, ಸಿ ಭಾಷೆಯ ಮೇಲೆ ಸ್ಮಾಲ್‌ಟಾಕ್‌ನ ಸಂದೇಶ ಕಳಿಸುವ ಪದ್ಧತಿಯನ್ನು ಕೂರಿಸಿದ್ದರು. ಮೊದಲು ಇದಕ್ಕೆ ಪೂರ್ತಿ ಕಂಪೈಲರ್ ಇರಲಿಲ್ಲ. ಒಂದು ಪ್ರಿಪ್ರೊಸೆಸರ್ ಚೌಕ ಆವರಣದ ಸಂದೇಶಗಳನ್ನು ಮಾಮೂಲಿ ಸಿ ಆಗಿ ಬದಲಿಸಿ ಸಿ ಕಂಪೈಲರಿಗೆ ದಾಟಿಸುತ್ತಿತ್ತು, ಅಷ್ಟೇ.

1988ರಲ್ಲಿ ನೆಕ್ಸ್ಟ್ ಈ ಭಾಷೆಯ ಲೈಸೆನ್ಸ್ ಪಡೆಯಿತು. ಹೊಸ ಕಂಪೈಲರ್ ಬರೆಯೋ ಬದಲು ರಿಚರ್ಡ್ ಸ್ಟಾಲ್ಮನ್ 1987ರಲ್ಲಿ ಬಿಡುಗಡೆ ಮಾಡಿದ್ದ ಜಿಸಿಸಿಗೇ ಕೈ ಹಾಕಿತು. ಜಾಣತನದ ಕೆಲಸವೇ. ಜಿಸಿಸಿಯ ಮುಂಭಾಗ ಭಾಷೆಯನ್ನು ಓದಿ ಅರ್ಥಮಾಡಿಕೊಳ್ಳುತ್ತೆ, ಹಿಂಭಾಗ ಯಂತ್ರಕ್ಕೆ ಬೇಕಾದ ಕೋಡ್ ಹುಟ್ಟಿಸುತ್ತೆ. ಸಿ ಓದೋಕೆ ಅದಕ್ಕೆ ಆಗಲೇ ಬರುತ್ತಿತ್ತು. ಇನ್ನು ಸಂದೇಶ, ಕ್ಲಾಸ್ ಇವನ್ನು ಕಲಿಸಿದರೆ ಸಾಕು, ಹಿಂಭಾಗ ಪುಕ್ಕಟೆ!

ಪೂರ್ತಿ ಪುಕ್ಕಟೆ ಅಲ್ಲ ಅನ್ನಿ. ಬದಲಾಯಿಸಿದ ಕಂಪೈಲರನ್ನು ಹಂಚಿದರೆ ಸೋರ್ಸ್ ಕೋಡೂ ಕೊಡಬೇಕು ಅನ್ನೋದು ಸ್ಟಾಲ್ಮನ್ ಷರತ್ತು. ನೆಕ್ಸ್ಟ್ ಒಂದು ಉಪಾಯ ಹುಡುಕಿತು: ತಮ್ಮ ಭಾಗವನ್ನು ಬರೀ ಆಬ್ಜೆಕ್ಟ್ ಫೈಲ್ ಆಗಿ ಕೊಡೋದು, ಜಿಸಿಸಿ ಜೊತೆ ಲಿಂಕ್ ಮಾಡಿಕೊಳ್ಳೋದು ಬಳಕೆದಾರನ ಪಾಡು. ಸಾಂಬಾರ್ ಪುಡಿ ಕೊಡ್ತೀವಿ, ಅಳತೆ ಮಾತ್ರ ಕೇಳಬೇಡಿ ಅಂದ ಹಾಗೆ.

ಇದು ಸರಿಯೇ ಅಂತ ಜಾಬ್ಸ್ ಕೇಳಿದಾಗ ಸ್ಟಾಲ್ಮನ್‌ಗೂ ಮೊದಲು ಸರಿ ಅಂತಲೇ ಅನ್ನಿಸಿತ್ತಂತೆ. ಹಾಗಂತ ಅವರೇ ಬರೆದುಕೊಂಡಿದ್ದಾರೆ, ನನಗೆ ಇಷ್ಟವಾಗಿದ್ದು ಈ ಪ್ರಾಮಾಣಿಕತೆ. ಆದರೂ ವಕೀಲರನ್ನು ಕೇಳಿದರು. ನ್ಯಾಯಾಧೀಶರು ಹಣೆಪಟ್ಟಿ ನೋಡೋದಿಲ್ಲ, ನಿಜಕ್ಕೂ ಇದು ಒಂದೇ ಪ್ರೋಗ್ರಾಮೋ ಅಂತ ನೋಡ್ತಾರೆ, ಇಂಥ ಕಣ್ಕಟ್ಟು ಅವರ ಮುಂದೆ ನಡೆಯೋಲ್ಲ ಅಂದರು ವಕೀಲರು. ಸ್ಟಾಲ್ಮನ್ ಆಗೋಲ್ಲ ಅಂದುಬಿಟ್ಟರು. ನೆಕ್ಸ್ಟ್ ಸೋರ್ಸ್ ಕೊಟ್ಟಿತು. ಆದರೆ ಸಂದೇಶಗಳನ್ನು ತಲುಪಿಸುವ ರನ್‌ಟೈಮ್ ಲೈಬ್ರರಿಯನ್ನು ಕೊಡಲಿಲ್ಲ. ಅದಿಲ್ಲದೆ ಕಂಪೈಲರ್ ಇದ್ದೂ ಇಲ್ಲದಂತೆ, ಹಾಗಾಗಿ ಗ್ನೂ ಕಡೆಯವರು ತಮ್ಮದೇ ರನ್‌ಟೈಮ್ ಬರೆದುಕೊಂಡರು.

ಆಪಲ್ 1997ರಲ್ಲಿ ನೆಕ್ಸ್ಟನ್ನು ಕೊಂಡಾಗ ಭಾಷೆಯ ಜೊತೆ ಜಿಸಿಸಿಯೂ ಮನೆಗೆ ಬಂತು. ಮುಂದೆ ಆಪಲ್ ಎಲ್‌ಎಲ್‌ವಿಎಂ ಕಡೆ ವಾಲಿತು, 2007ರಲ್ಲಿ ಕ್ಲ್ಯಾಂಗ್ ಹೊರಬಂತು. ವಿಚಿತ್ರ ನೋಡಿ, 2005ರಲ್ಲೇ ಕ್ರಿಸ್ ಲ್ಯಾಟ್ನರ್ ಎಲ್‌ಎಲ್‌ವಿಎಂ ಅನ್ನು ಜಿಸಿಸಿಗೇ ಸೇರಿಸೋಣ, ಹಕ್ಕನ್ನೂ ಬರೆದುಕೊಡ್ತೇವೆ ಅಂತ ಜಿಸಿಸಿಯವರಿಗೆ ಮೇಲ್ ಬರೆದಿದ್ದರು. ಆ ಮೇಲ್ ಸ್ಟಾಲ್ಮನ್ ಕಣ್ಣಿಗೆ ಬೀಳಲೇ ಇಲ್ಲ. 2015ರಲ್ಲಿ ಯಾರೋ ತೋರಿಸಿದಾಗ ಅವರು ದಂಗಾಗಿಬಿಟ್ಟರು.