ಒಂದೇ ಬಾಹ್ಯ ಹಾರ್ಡ್ ಡಿಸ್ಕ್‌ನಲ್ಲಿ ಗಣಕಯಂತ್ರದ ಬ್ಯಾಕಪ್ ಹಾಗೂ ಛಾಯಾಚಿತ್ರ, ವೀಡಿಯೊಗಳ ಸಂಗ್ರಹ: ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಆನ್‌ಲೈನ್ ಮೂಲಕ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರು ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ, ಅಂಕಪಟ್ಟಿ, ಗುರುತಿನ ಚೀಟಿ, ಶುಲ್ಕದ ರಸೀದಿ, ಸ್ವೀಕೃತಿ ಪತ್ರ ಮುಂತಾದವುಗಳ ಕಡತಗಳನ್ನು ಮನೆಯ ಗಣಕಯಂತ್ರದಲ್ಲಿ ಇಟ್ಟುಕೊಂಡಿರುತ್ತಾರೆ. ಅದೇ ಗಣಕಯಂತ್ರದಲ್ಲಿ ಕುಟುಂಬದ ಛಾಯಾಚಿತ್ರಗಳು, ಮದುವೆ ಹಾಗೂ ನಾಮಕರಣದ ವೀಡಿಯೊಗಳು ಸಹ ಇರುತ್ತವೆ. ಇವೆಲ್ಲವುಗಳಿಗಾಗಿ ಒಂದೇ ಬಾಹ್ಯ ಹಾರ್ಡ್ ಡಿಸ್ಕ್ ಖರೀದಿಸಿ ಎರಡೂ ಉದ್ದೇಶಗಳಿಗೆ ಬಳಸಬಹುದೇ ಎಂಬುದು ಸಾಮಾನ್ಯವಾದ ಪ್ರಶ್ನೆಯಾಗಿದೆ. ಬಳಸಲು ಅಡ್ಡಿಯಿಲ್ಲ. ಆದರೆ ಸದರಿ ಡಿಸ್ಕ್‌ನಲ್ಲಿ ಮಾತ್ರವೇ ಇರುವ ಯಾವುದೇ ಕಡತಕ್ಕೆ ಬ್ಯಾಕಪ್ ಇರುವುದಿಲ್ಲ ಎಂಬುದನ್ನು ಮೊದಲು ಮನಗಾಣಬೇಕು.

2. ಬ್ಯಾಕಪ್ ಮತ್ತು ಸಂಗ್ರಹ: ವ್ಯತ್ಯಾಸ

ಬ್ಯಾಕಪ್ ಎಂದರೆ ಮೂಲ ಕಡತವು ಒಂದು ಕಡೆ ಇದ್ದು, ಅದರ ಪ್ರತಿಯು ಬೇರೊಂದು ಕಡೆ ಇರುವುದು. ಸಂಗ್ರಹ ಎಂದರೆ ಮೂಲ ಕಡತವನ್ನೇ ಒಂದು ಕಡೆ ಇಡುವುದು. ಲ್ಯಾಪ್‌ಟಾಪ್‌ನಲ್ಲಿ ಸ್ಥಳ ಸಾಲದೆ ಹಳೆಯ ಛಾಯಾಚಿತ್ರಗಳನ್ನು ಬಾಹ್ಯ ಡಿಸ್ಕ್‌ಗೆ ವರ್ಗಾಯಿಸಿ, ಲ್ಯಾಪ್‌ಟಾಪ್‌ನಿಂದ ಅಳಿಸಿದ ಕ್ಷಣದಿಂದ ಅವು ಬ್ಯಾಕಪ್ ಆಗಿ ಉಳಿಯುವುದಿಲ್ಲ. ಉಳಿದಿರುವುದು ಏಕೈಕ ಪ್ರತಿ ಮಾತ್ರ. ಲ್ಯಾಪ್‌ಟಾಪ್ ಕೆಟ್ಟರೆ ಡಿಸ್ಕ್‌ನಿಂದ ದಾಖಲೆಗಳನ್ನು ಮರಳಿ ಪಡೆಯಬಹುದು. ಡಿಸ್ಕ್ ಕೆಟ್ಟರೆ ಸದರಿ ಛಾಯಾಚಿತ್ರಗಳನ್ನು ಮರಳಿ ಪಡೆಯಲು ಬೇರೆ ಆಧಾರವಿರುವುದಿಲ್ಲ.

ಒಂದು ಡಿಸ್ಕನ್ನು ಎರಡು ವಿಭಾಗಗಳನ್ನಾಗಿ ಮಾಡಿದರೂ ಈ ಸ್ಥಿತಿ ಬದಲಾಗುವುದಿಲ್ಲ. ವಿಭಾಗಗಳು ಸ್ಥಳದ ಲೆಕ್ಕಕ್ಕಷ್ಟೇ ಬೇರೆಯಾಗಿದ್ದು, ಡಿಸ್ಕ್ ಕೆಳಗೆ ಬಿದ್ದಲ್ಲಿ, ಕಳವಾದಲ್ಲಿ ಅಥವಾ ಯಾಂತ್ರಿಕವಾಗಿ ವಿಫಲವಾದಲ್ಲಿ ಎರಡೂ ಒಟ್ಟಿಗೆ ನಷ್ಟವಾಗುತ್ತವೆ.

3. ವಿಭಾಗಗಳನ್ನು ಮಾಡುವುದರ ಪ್ರಯೋಜನ

ವಿಭಾಗ ಮಾಡದೆ ಬಳಸಿದಲ್ಲಿ ಬ್ಯಾಕಪ್ ಮತ್ತು ವೀಡಿಯೊಗಳು ಒಂದೇ ಸ್ಥಳಕ್ಕಾಗಿ ಸ್ಪರ್ಧಿಸುತ್ತವೆ. ವೀಡಿಯೊಗಳು ಡಿಸ್ಕನ್ನು ತುಂಬಿದಾಗ ಹೊಸ ಬ್ಯಾಕಪ್‌ಗೆ ಸ್ಥಳವಿರುವುದಿಲ್ಲ. ಆದ್ದರಿಂದ ಪ್ರಾರಂಭದಲ್ಲಿಯೇ ಸ್ಥಳವನ್ನು ಹಂಚಿಕೆ ಮಾಡುವುದು ಸೂಕ್ತ.

ಬ್ಯಾಕಪ್ ವಿಭಾಗಕ್ಕೆ ಗಣಕಯಂತ್ರದ ಒಟ್ಟು ಸಾಮರ್ಥ್ಯದ ಸುಮಾರು ಎರಡರಷ್ಟು ಸ್ಥಳವನ್ನು ಮೀಸಲಿಡಬೇಕು. ಉದಾಹರಣೆಗೆ, 512 ಜಿ.ಬಿ. ಸಾಮರ್ಥ್ಯದ ಲ್ಯಾಪ್‌ಟಾಪ್ ಹಾಗೂ 2 ಟಿ.ಬಿ. ಬಾಹ್ಯ ಡಿಸ್ಕ್ ಇದ್ದಲ್ಲಿ 1,000 ಜಿ.ಬಿ.ಯನ್ನು ಬ್ಯಾಕಪ್‌ಗೂ ಉಳಿದುದನ್ನು ಛಾಯಾಚಿತ್ರ, ವೀಡಿಯೊಗಳಿಗೂ ನಿಗದಿಪಡಿಸಬಹುದು. ತಯಾರಕರು ದಶಮಾನ ಪದ್ಧತಿಯಲ್ಲಿಯೂ ವಿಂಡೋಸ್ ದ್ವಿಮಾನ ಪದ್ಧತಿಯಲ್ಲಿಯೂ ಲೆಕ್ಕ ಹಾಕುವುದರಿಂದ 2 ಟಿ.ಬಿ. ಡಿಸ್ಕ್ ವಿಂಡೋಸ್‌ನಲ್ಲಿ ಸುಮಾರು 1,863 ಜಿ.ಬಿ. ಎಂದು ಕಾಣಿಸುತ್ತದೆ. ಇದು ಡಿಸ್ಕ್‌ನ ದೋಷವಲ್ಲ.

4. ಫೈಲ್ ಸಿಸ್ಟಮ್ ಆಯ್ಕೆ

ಪ್ರತಿಯೊಂದು ವಿಭಾಗವನ್ನು ಫಾರ್ಮ್ಯಾಟ್ ಮಾಡುವಾಗ ಫೈಲ್ ಸಿಸ್ಟಮ್ ಅನ್ನು ಆಯ್ಕೆ ಮಾಡಬೇಕಾಗುತ್ತದೆ.

ಅ) ಎನ್.ಟಿ.ಎಫ್.ಎಸ್.: ವಿಂಡೋಸ್ ಬ್ಯಾಕಪ್‌ಗೆ ಸೂಕ್ತ. ಮ್ಯಾಕ್ ಗಣಕಯಂತ್ರವು ಇದನ್ನು ಓದಬಲ್ಲದು; ಹೆಚ್ಚುವರಿ ತಂತ್ರಾಂಶವಿಲ್ಲದೆ ಇದರಲ್ಲಿ ಬರೆಯಲಾರದು.
ಆ) ಎಕ್ಸ್‌ಫ್ಯಾಟ್: ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ ಓದಲು, ಬರೆಯಲು ಸಾಧ್ಯ. ಛಾಯಾಚಿತ್ರ, ವೀಡಿಯೊ ವಿಭಾಗಕ್ಕೆ ಸೂಕ್ತ. ದೂರದರ್ಶನಕ್ಕೆ ಜೋಡಿಸುವುದಾದರೆ ಅದರ ಕೈಪಿಡಿಯಲ್ಲಿ ಇದಕ್ಕೆ ಬೆಂಬಲವಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.
ಇ) ಫ್ಯಾಟ್32: ಹಳೆಯ ಉಪಕರಣಗಳಲ್ಲಿ ಕಾರ್ಯನಿರ್ವಹಿಸುತ್ತದೆ. ಆದರೆ 4 ಜಿ.ಬಿ. ಅಥವಾ ಅದಕ್ಕಿಂತ ದೊಡ್ಡ ಒಂದೇ ಕಡತವನ್ನು ಇದರಲ್ಲಿ ಇಡಲಾಗದು. ದೀರ್ಘ ವೀಡಿಯೊಗಳಿಗೆ ಇದು ಸೂಕ್ತವಲ್ಲ.

ಎಚ್ಚರಿಕೆ: ಫಾರ್ಮ್ಯಾಟ್ ಮಾಡಿದಲ್ಲಿ ಆ ವಿಭಾಗದಲ್ಲಿರುವ ಕಡತಗಳು ಅಳಿಸಿಹೋಗುತ್ತವೆ. ಈಗಾಗಲೇ ಬಳಕೆಯಲ್ಲಿರುವ ಡಿಸ್ಕ್ ಆದಲ್ಲಿ, ಕಡತಗಳನ್ನು ಬೇರೆಡೆಗೆ ನಕಲು ಮಾಡಿ, ಅವು ತೆರೆಯುತ್ತವೆಯೇ ಎಂದು ಪರಿಶೀಲಿಸಿದ ನಂತರವೇ ಮುಂದುವರಿಯತಕ್ಕದ್ದು.

5. ವಿಂಡೋಸ್ ಬಳಕೆದಾರರಿಗೆ

ವಿಭಾಗಗಳನ್ನು ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬ ಸೌಲಭ್ಯದಲ್ಲಿ ಮಾಡಬಹುದು. ಎನ್.ಟಿ.ಎಫ್.ಎಸ್. ಡಿಸ್ಕ್ ಆದಲ್ಲಿ "ಶ್ರಿಂಕ್ ವಾಲ್ಯೂಮ್" ಆಯ್ಕೆಯಿಂದ ಇರುವ ವಿಭಾಗವನ್ನು ಕುಗ್ಗಿಸಿ, ಖಾಲಿಯಾದ ಸ್ಥಳದಲ್ಲಿ "ನ್ಯೂ ಸಿಂಪಲ್ ವಾಲ್ಯೂಮ್" ಆಯ್ಕೆಯಿಂದ ಹೊಸ ವಿಭಾಗವನ್ನು ಸೃಜಿಸಬಹುದು. ಎಕ್ಸ್‌ಫ್ಯಾಟ್ ವಿಭಾಗವನ್ನು ಈ ರೀತಿ ಕುಗ್ಗಿಸಲಾಗದು.

2012ರಲ್ಲಿ ವಿಂಡೋಸ್ 8ರೊಂದಿಗೆ ಬಂದ "ಫೈಲ್ ಹಿಸ್ಟರಿ" ಸೌಲಭ್ಯವು ವಿಂಡೋಸ್ 11ರ ಕಂಟ್ರೋಲ್ ಪ್ಯಾನೆಲ್‌ನಲ್ಲಿಯೂ ಲಭ್ಯವಿದೆ. ಡಿಸ್ಕ್ ಜೋಡಣೆಯಲ್ಲಿರುವಾಗ ಇದು ಪ್ರತಿ ಗಂಟೆಗೊಮ್ಮೆ ಬದಲಾದ ಕಡತಗಳ ಪ್ರತಿ ತೆಗೆಯುತ್ತದೆ. ಬಳಕೆದಾರರು ಗಮನಿಸಬೇಕಾದ ಅಂಶವೆಂದರೆ, ಇದು ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಮುಂತಾದ ನಿಗದಿತ ಕಡತಕೋಶಗಳನ್ನು ಮಾತ್ರ ಪರಿಗಣಿಸುತ್ತದೆ. "ಡಿ" ಡ್ರೈವ್‌ನಲ್ಲಿ ಪ್ರತ್ಯೇಕವಾಗಿ ಇಟ್ಟಿರುವ ದಾಖಲೆಗಳು ತಾವಾಗಿಯೇ ಸೇರುವುದಿಲ್ಲ. ಅಂತಹ ದಾಖಲೆಗಳನ್ನು ಡಾಕ್ಯುಮೆಂಟ್ಸ್ ಒಳಗೆ ಇಡುವುದು ಸುಲಭ ಮಾರ್ಗ.

ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು ದಿನಾಂಕ 14-10-2025ಕ್ಕೆ ಮುಕ್ತಾಯಗೊಂಡಿದೆ. ಅದನ್ನೇ ಬಳಸುತ್ತಿರುವವರಿಗೆ ಬ್ಯಾಕಪ್‌ನ ಅಗತ್ಯ ಇನ್ನೂ ಹೆಚ್ಚು.

6. ಮ್ಯಾಕ್ ಬಳಕೆದಾರರಿಗೆ

2007ರಿಂದ ಲಭ್ಯವಿರುವ "ಟೈಮ್ ಮಷಿನ್" ಸೌಲಭ್ಯವು ಸ್ಥಳ ತುಂಬಿದಾಗ ಅತ್ಯಂತ ಹಳೆಯ ಬ್ಯಾಕಪ್‌ಗಳನ್ನು ತಾನಾಗಿಯೇ ಅಳಿಸುತ್ತದೆ. 2020ರ ಮ್ಯಾಕ್‌ಒಎಸ್ ಬಿಗ್ ಸರ್ ಆವೃತ್ತಿಯಿಂದ ಇದು ಎ.ಪಿ.ಎಫ್.ಎಸ್. ಪದ್ಧತಿಯನ್ನು ಬಳಸುತ್ತಿದ್ದು, ಇಂತಹ ಬ್ಯಾಕಪ್ ಇರುವ ವಾಲ್ಯೂಮ್‌ನಲ್ಲಿ ಇತರೆ ಕಡತಗಳನ್ನು ಇಡಲು ಅವಕಾಶವಿರುವುದಿಲ್ಲ. ಆದ್ದರಿಂದ ಡಿಸ್ಕ್ ಯುಟಿಲಿಟಿಯಲ್ಲಿ ಮುಂಚಿತವಾಗಿಯೇ ಎರಡು ವಿಭಾಗಗಳನ್ನು ಮಾಡಿಕೊಳ್ಳಬೇಕು. ಟೈಮ್ ಮಷಿನ್ ಮೊದಲ ಬಾರಿಗೆ ಡಿಸ್ಕನ್ನು ಆಯ್ಕೆ ಮಾಡುವಾಗ ಅದನ್ನು ಅಳಿಸಲು ಅನುಮತಿ ಕೇಳಬಹುದು. ಅದರಲ್ಲಿ ಛಾಯಾಚಿತ್ರಗಳಿದ್ದಲ್ಲಿ ಒಪ್ಪಿಗೆ ನೀಡಬಾರದು.

7. ಗೋಪ್ಯತೆ

ವೀಡಿಯೊ ಇರುವ ಡಿಸ್ಕ್ ಮನೆಯಲ್ಲಿಯೇ ಉಳಿಯುವುದಿಲ್ಲ. ನೆಂಟರ ಮನೆಗೆ, ಛಾಯಾಚಿತ್ರ ಮುದ್ರಣದ ಅಂಗಡಿಗೆ, ಸ್ನೇಹಿತರ ದೂರದರ್ಶನಕ್ಕೆ ಹೋಗುತ್ತಿರುತ್ತದೆ. ಅದರೊಂದಿಗೆ ಆಧಾರ್, ಬ್ಯಾಂಕ್ ಪಾಸ್‌ಬುಕ್, ಆಸ್ತಿ ಪತ್ರಗಳ ಪ್ರತಿಗಳೂ ಹೋಗುತ್ತವೆ. ಆದ್ದರಿಂದ ಬ್ಯಾಕಪ್ ವಿಭಾಗವನ್ನು ಪಾಸ್‌ವರ್ಡ್‌ನಿಂದ ಗೂಢಲಿಪೀಕರಿಸಬೇಕು. ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರ್ ಮೂಲಕ, ಮ್ಯಾಕ್‌ನಲ್ಲಿ ಟೈಮ್ ಮಷಿನ್‌ನ ಗೂಢಲಿಪೀಕರಣ ಆಯ್ಕೆಯ ಮೂಲಕ ಇದು ಸಾಧ್ಯ. ವಿಂಡೋಸ್ ಹೋಮ್ ಆವೃತ್ತಿಯು ಬಿಟ್‌ಲಾಕರ್ ಹಾಕಿದ ಬಾಹ್ಯ ಡಿಸ್ಕನ್ನು ತೆರೆಯಬಲ್ಲದೇ ಹೊರತು ಹೊಸದಾಗಿ ಬಿಟ್‌ಲಾಕರ್ ಹಾಕಲಾರದು. ಹೋಮ್ ಆವೃತ್ತಿಯವರು ಡಿಸ್ಕನ್ನು ಹೊರಗೆ ಕೊಡದೆ, ಬೇಕಾದ ವೀಡಿಯೊವನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ ಕೊಡುವುದು ಕ್ಷೇಮ. ಬಿಟ್‌ಲಾಕರ್‌ನ ರಿಕವರಿ ಕೀ ಹಾಗೂ ಪಾಸ್‌ವರ್ಡ್ ಅನ್ನು ಕಾಗದದ ಮೇಲೆ ಬರೆದು ಬೇರೆಡೆ ಇಡಬೇಕು; ಅವುಗಳನ್ನು ಕಳೆದುಕೊಂಡಲ್ಲಿ ಮಾಲೀಕರಿಗೂ ಕಡತಗಳು ದೊರೆಯುವುದಿಲ್ಲ.

8. ಅರ್ಜಿಗೆ ಸಂಬಂಧಿಸಿದ ದಾಖಲೆಗಳು

ಡಿಸ್ಕ್‌ನಲ್ಲಿರುವ ಸ್ಕ್ಯಾನ್ ಪ್ರತಿಯು ಮೂಲ ದಾಖಲೆಗೆ ಸಮಾನವಲ್ಲ. ಡಿಜಿಟಲ್ ಸಹಿಯುಳ್ಳ ಪಿ.ಡಿ.ಎಫ್. ಪ್ರಮಾಣಪತ್ರವನ್ನು ಇಳಿಸಿಕೊಂಡ ರೂಪದಲ್ಲಿಯೇ ಉಳಿಸಬೇಕು. ಮುದ್ರಿಸಿ ಮರಳಿ ಸ್ಕ್ಯಾನ್ ಮಾಡಿದಲ್ಲಿ ಡಿಜಿಟಲ್ ಸಹಿಯನ್ನು ಪರಿಶೀಲಿಸಲು ಆಗುವುದಿಲ್ಲ. 2015ರಲ್ಲಿ ಪ್ರಾರಂಭವಾದ ಡಿಜಿಲಾಕರ್‌ನಲ್ಲಿ ಸಂಬಂಧಪಟ್ಟ ಪ್ರಾಧಿಕಾರವೇ ನೀಡಿದ ದಾಖಲೆಗಳನ್ನು ನಿಯಮಗಳನ್ವಯ ಮೂಲ ದಾಖಲೆಗಳಿಗೆ ಸಮಾನವೆಂದು ಪರಿಗಣಿಸಲಾಗುತ್ತದೆ. ನಾಗರಿಕರು ತಾವೇ ಅಪ್‌ಲೋಡ್ ಮಾಡಿದ ಪ್ರತಿಗಳಿಗೆ ಈ ಸ್ಥಾನವಿರುವುದಿಲ್ಲ.

9. ಪಾಲಿಸಬೇಕಾದ ಕ್ರಮಗಳು

1) ಡಿಸ್ಕ್‌ನಲ್ಲಿ ಮಾತ್ರ ಇರುವ ಛಾಯಾಚಿತ್ರ, ವೀಡಿಯೊಗಳ ಇನ್ನೊಂದು ಪ್ರತಿಯನ್ನು ಎರಡನೆಯ ಡಿಸ್ಕ್‌ನಲ್ಲಿ ಅಥವಾ ಕ್ಲೌಡ್ ಸಂಗ್ರಹದಲ್ಲಿ ಇಡಬೇಕು. ಎರಡನೆಯ ಡಿಸ್ಕನ್ನು ಬೇರೆ ಮನೆಯಲ್ಲಿ ಇಡುವುದು ಉತ್ತಮ.
2) ಎಲ್ಲವನ್ನೂ ಎರಡೆರಡು ಕಡೆ ಇಡಲು ಸಾಧ್ಯವಾಗದಿದ್ದಲ್ಲಿ, ಮತ್ತೆ ದೊರೆಯದ ಕಡತಗಳಿಗೆ ಆದ್ಯತೆ ನೀಡಬೇಕು. ಚಲನಚಿತ್ರವನ್ನು ಮತ್ತೆ ಪಡೆಯಬಹುದು. ತೀರಿಕೊಂಡ ಹಿರಿಯರ ಧ್ವನಿಯಿರುವ ವೀಡಿಯೊವನ್ನು ಮತ್ತೆ ಪಡೆಯಲಾಗದು.
3) ಬ್ಯಾಕಪ್ ಮುಗಿದ ನಂತರ "ಸೇಫ್ಲಿ ರಿಮೂವ್" ಅಥವಾ "ಇಜೆಕ್ಟ್" ಆಯ್ಕೆಯಿಂದ ಡಿಸ್ಕನ್ನು ಬೇರ್ಪಡಿಸಬೇಕು. ರ್‍ಯಾನ್ಸಮ್‌ವೇರ್ ದಾಳಿಯಾದಾಗ ಜೋಡಣೆಯಲ್ಲಿರುವ ಡಿಸ್ಕ್‌ನ ಕಡತಗಳೂ ಬಂಧಿತವಾಗುವ ಸಂಭವವಿರುತ್ತದೆ.
4) ತಿರುಗುವ ತಟ್ಟೆಗಳಿರುವ ಹಾರ್ಡ್ ಡಿಸ್ಕನ್ನು ಚಾಲನೆಯಲ್ಲಿರುವಾಗ ಅಲುಗಾಡಿಸಬಾರದು.
5) ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದೆರಡು ಕಡತಗಳನ್ನು ಮರಳಿ ಪಡೆದು ತೆರೆದು ನೋಡಬೇಕು.
6) ಅಪರಿಚಿತ ಶಬ್ದ, ವಿಪರೀತ ನಿಧಾನಗತಿ ಕಂಡುಬಂದಲ್ಲಿ, ಮೊದಲು ಏಕೈಕ ಪ್ರತಿಯಾಗಿರುವ ಕಡತಗಳನ್ನು ಬೇರೆಡೆಗೆ ನಕಲು ಮಾಡಬೇಕು, ದುರಸ್ತಿ ಪ್ರಯತ್ನ ನಂತರದ್ದು.

ವಿಶೇಷ ಸೂಚನೆ: ಎರಡನೆಯ ಡಿಸ್ಕ್ ಖರೀದಿಸುವವರೆಗೆ, ಲ್ಯಾಪ್‌ಟಾಪ್‌ನಲ್ಲಿರುವ ಮೂಲ ಛಾಯಾಚಿತ್ರಗಳನ್ನು ಹಾಗೂ ದಾಖಲೆಗಳನ್ನು ಅಳಿಸದಿರುವುದು ಸೂಕ್ತ.