ಧೂಳೆಬ್ಬಿಸಿದವರ ದಾಖಲೆ ಎಲ್ಲಿದೆ?

ಡಕಾರ್ ರ‍್ಯಾಲಿಯನ್ನು ಪೂರ್ತಿ ಮುಗಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್. 2015ರಲ್ಲಿ ಬೈಕ್ ವಿಭಾಗದಲ್ಲಿ ಅವರಿಗೆ 36ನೇ ಸ್ಥಾನ. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ 37ನೆಯವರಾಗಿ ಗುರಿ ಮುಟ್ಟಿದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಎಫ್‌ಐಎಂ ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗವನ್ನು ಗೆದ್ದರು. ಇದೆಲ್ಲ ಮೊಬೈಲ್ ತೆಗೆದರೆ ಅರೆಗಳಿಗೆಯಲ್ಲಿ ಸಿಗುವ ಮಾಹಿತಿ. ಇವರಿಗಿಂತ ಎರಡು ತಲೆಮಾರು ಹಿಂದೆ ಜಾವಾದ ಹೆಡ್‌ಲೈಟು, ಮಡ್‌ಗಾರ್ಡು ಕಳಚಿ ಮನೆಯಲ್ಲಿಟ್ಟು, ಕೊಯ್ಲಾದ ಗದ್ದೆಗೆ ಬೈಕ್ ಇಳಿಸಿದವರು ಯಾರು ಎಂದು ಕೇಳಿ ನೋಡಿ. ಉತ್ತರ ಸಿಕ್ಕರೆ ಯಾರದೋ ಅಜ್ಜನ ಬಾಯಲ್ಲಿ ಸಿಗಬೇಕು.

ಮದರಾಸಿನವರಿಗೆ ಈ ಕಷ್ಟ ಕಡಿಮೆ. ಎರಡನೇ ಮಹಾಯುದ್ಧದ ಕಾಲದ ಶೋಲಾವರಂ ವಿಮಾನಪಟ್ಟಿಯಲ್ಲಿ ದಶಕಗಟ್ಟಲೆ ರೇಸ್ ನಡೆಸಿದರು, 1990ರ ಹೊತ್ತಿಗೆ ಇರುಂಗಾಟ್ಟುಕೋಟೈಯಲ್ಲಿ ಸ್ವಂತ ಟ್ರ್ಯಾಕ್ ಕಟ್ಟಿಕೊಂಡರು. ಇಲ್ಲಿಯೇ ನಡೆಯಿತು ಎಂದು ಬೆರಳು ಮಾಡಿ ತೋರಿಸಲು ಅವರಿಗೊಂದು ಜಾಗವಿದೆ. ನಮ್ಮ ಆಟೋಕ್ರಾಸ್, ಡರ್ಟ್ ಟ್ರ್ಯಾಕ್, ರ‍್ಯಾಲಿಗಳೆಲ್ಲ ಎರವಲು ನೆಲದಲ್ಲಿ ನಡೆದವು. ಭಾನುವಾರ ಸುಣ್ಣದ ಗೆರೆ ಎಳೆದು ಹಗ್ಗ ಕಟ್ಟಿದ ಮೈದಾನ ಸೋಮವಾರ ಮತ್ತೆ ದನಗಳ ಪಾಲು. ಊರಂಚಿನ ಅಂಥ ಬಯಲುಗಳು ಆಮೇಲೆ ಲೇಔಟ್ ಆದವು, ಕಲ್ಯಾಣಮಂಟಪವಾದವು. ಜಾಗವೇ ಉಳಿಯದ ಕ್ರೀಡೆಯ ಚರಿತ್ರೆಯನ್ನು ಕಾಗದ ಮತ್ತು ನೆನಪು ಎರಡರಿಂದಲೇ ಕಟ್ಟಬೇಕು. ಎರಡಕ್ಕೂ ಈಗ ವಯಸ್ಸಾಗಿದೆ.

ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ 'ಕೆ-1000' ರ‍್ಯಾಲಿ 1970ರ ದಶಕದಲ್ಲಿ ಶುರುವಾದದ್ದು, ದೇಶದ ಹಳೆಯ ರ‍್ಯಾಲಿಗಳಲ್ಲೊಂದು. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುರಸ್ತೆಗಳು ಮುಂದೆ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್ಪಿನ ಒಂದು ಸುತ್ತಿಗೇ ವೇದಿಕೆಯಾದವು. 2016ರಲ್ಲಿ ಗೌರವ್ ಗಿಲ್ ಅಲ್ಲಿ ಗೆದ್ದದ್ದನ್ನು ಪತ್ರಿಕೆಗಳು ಬರೆದವು. ತೋಟದ ದಾರಿಯನ್ನು ರ‍್ಯಾಲಿಗೆ ಬಿಟ್ಟುಕೊಟ್ಟ ಮಾಲೀಕರ ವಿಷಯ ಯಾರೂ ಬರೆಯಲಿಲ್ಲ. ಹಣ್ಣು ಕೊಯ್ಯುವ ದಿನಗಳಲ್ಲಿ ಕಾರು ಬಿಡುವಂತಿಲ್ಲ, ಆಳುಗಳು ಓಡಾಡುವ ದಾರಿ. ಕಣದಲ್ಲಿ ಕಾಫಿ ಒಣಗುತ್ತಿದ್ದರೆ ಧೂಳು ಬೀಳಬಾರದು. ಬೇಲಿ ಮುರಿದರೆ ಕಟ್ಟಿಕೊಡಬೇಕು. ಇಂಥ ಒಪ್ಪಂದಗಳೆಲ್ಲ ಜಗಲಿಯಲ್ಲಿ ಕೂತು ಬಾಯಿಮಾತಿನಲ್ಲೇ ಆಗುವಂಥವು. ಅವಿಲ್ಲದೆ ಮಲೆನಾಡಿನಲ್ಲಿ ಒಂದು ಸ್ಟೇಜೂ ಓಡುತ್ತಿರಲಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಫಲಿತಾಂಶ ಪಟ್ಟಿಯಷ್ಟು ಬಡ ದಾಖಲೆ ಇನ್ನೊಂದಿಲ್ಲ. ಅದರಲ್ಲಿ ಗೆದ್ದವನ ಹೆಸರು ಮತ್ತು ಸಮಯ ಇರುತ್ತದೆ. ಅರ್ಧದಲ್ಲಿ ನಿಂತವನಿಗೆ 'ರಿಟೈರ್ಡ್' ಎಂಬ ಒಂದೇ ಪದ. ನಡುರಾತ್ರಿ ಫ್ಯಾನ್ ಬೆಲ್ಟ್ ಹರಿಯಿತೋ, ಹಳ್ಳದಲ್ಲಿ ಪ್ಲಗ್ಗಿಗೆ ನೀರು ಹೋಯಿತೋ, ಬಿದ್ದ ಜೊತೆಗಾರನನ್ನು ಎತ್ತಲು ನಿಂತನೋ, ಅದಕ್ಕೆ ಅಲ್ಲಿ ಜಾಗವಿಲ್ಲ. ನನ್ನ ಕಣ್ಣಿಗೆ ನಿಜವಾದ ನಿಧಿ ಎಂದರೆ ಸಹಚಾಲಕರು ತೊಡೆಯ ಮೇಲಿಟ್ಟುಕೊಳ್ಳುವ ರೋಡ್ ಬುಕ್. ಪ್ರತಿ ತಿರುವಿಗೂ ಕಿಲೋಮೀಟರ್ ಲೆಕ್ಕ, ಬಾಣದ ಪುಟ್ಟ ಚಿತ್ರ, ಪಕ್ಕದಲ್ಲಿ ಗುರುತು: ಅರಳಿಕಟ್ಟೆ, ಹಾಲಿನ ಡೇರಿ, ಪಿಡಬ್ಲ್ಯುಡಿ ಬಂಗಲೆ, ಸೇತುವೆಯಿಲ್ಲದ ಹಳ್ಳ. ಓಟಕ್ಕೆಂದು ಬರೆದ ಪುಸ್ತಕ ಆ ಕಾಲದ ರಸ್ತೆಗಳ ಜನಗಣತಿಯೂ ಆಗಿಬಿಟ್ಟಿದೆ. ಯಾವ ದಾರಿಗೆ ಡಾಂಬರು ಬಿತ್ತು, ಯಾವ ಗೇಟು ಇಂದು ಹೋಮ್‌ಸ್ಟೇಯದ್ದು ಎಂದು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಹಿಡಿದು ಓದಬಹುದು. ಇದರ ಜೊತೆ ಕಂಟ್ರೋಲಿನಲ್ಲಿ ಮಾರ್ಷಲ್ ನಿಮಿಷ ಬರೆದು ಸಹಿ ಹಾಕಿದ ಟೈಮ್ ಕಾರ್ಡೂ ಸಿಕ್ಕರೆ ಯಾವ ಗಾಡಿ ಎಲ್ಲಿ ಹಿಂದೆ ಬಿತ್ತು ಎಂಬುದೂ ಗೊತ್ತಾಗುತ್ತದೆ.

ಮೆಕ್ಯಾನಿಕ್ಕುಗಳದು ಇನ್ನೊಂದು ಅಧ್ಯಾಯ, ಬಹುಶಃ ಎಲ್ಲಕ್ಕಿಂತ ದೊಡ್ಡದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ಮನೆಬಾಗಿಲಲ್ಲೇ ತಯಾರಾಗುತ್ತಿದ್ದ 250 ಸಿಸಿ ಟೂ-ಸ್ಟ್ರೋಕ್ ಎಂಜಿನ್ನಿನ ಗುಟ್ಟು ಗ್ಯಾರೇಜು ಗ್ಯಾರೇಜಿಗೂ ಹರಡಿತು. ಸಿಲಿಂಡರಿನ ಪೋರ್ಟನ್ನು ಅರದಲ್ಲಿ ಉಜ್ಜಿ ಎಷ್ಟು ಅಗಲ ಮಾಡಬಹುದು, ಹೆಡ್ಡನ್ನು ಲೇತಿಗೆ ಕೊಟ್ಟು ಎಷ್ಟು ಸವೆಸಬಹುದು, ಕೆಸರಿಗೆ ಹಿಂದಿನ ಸ್ಪ್ರಾಕೆಟ್ಟಿಗೆ ಎಷ್ಟು ಹಲ್ಲು ಹೆಚ್ಚಿರಬೇಕು ಎಂಬುದೆಲ್ಲ ಕಿವಿಯ, ಕೈಯ ವಿದ್ಯೆ. ಒಬ್ಬೊಬ್ಬರದು ಒಂದೊಂದು ಅಳತೆ. ಪಕ್ಕದ ಗ್ಯಾರೇಜಿನವನಿಗೆ ಹೇಳುತ್ತಿರಲಿಲ್ಲ. ಈಗಲಾದರೂ ಹೇಳಲಿ, ಪೈಪೋಟಿಗೆ ಇದ್ದವನೂ ಅಂಗಡಿ ಮುಚ್ಚಿದ್ದಾನೆ.

ಕಾಯಲು ಸಮಯವಿಲ್ಲ ಎನ್ನಲು ಕಾರಣವಿದೆ. ಟೈಮಿಂಗ್ ಯಂತ್ರದ ಥರ್ಮಲ್ ಚೀಟಿ ಕೆಲವೇ ವರ್ಷಗಳಲ್ಲಿ ಬೆಳ್ಳಗಾಗುತ್ತದೆ. ಮಲೆನಾಡಿನ ಮಳೆಗಾಲದ ತೇವಕ್ಕೆ ವಿಡಿಯೊ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತದೆ. ಅಂಟು ಹಾಳೆಯ ಆಲ್ಬಮ್ಮಿನಲ್ಲಿಟ್ಟ ಫೋಟೊ ಹಳದಿಗಟ್ಟಿ ಹಾಳೆಗೇ ಕಚ್ಚಿಕೊಳ್ಳುತ್ತದೆ, ಎಳೆದರೆ ಹರಿಯುತ್ತದೆ. ಟ್ರೋಫಿಗಳ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಶೋಕೇಸಿನಲ್ಲಿ ಅವು ಸುಖವಾಗಿವೆ.

ಆದ್ದರಿಂದ ಈ ಸಂಚಿಕೆ ಕೈಗೆತ್ತಿಕೊಂಡ ಹಳಬರಲ್ಲಿ, ಅವರ ಮಕ್ಕಳಲ್ಲಿ ಒಂದು ಕೋರಿಕೆ. ಅಟ್ಟ ಗುಡಿಸುವ ಮುನ್ನ ಒಮ್ಮೆ ನೋಡಿ. ರೋಡ್ ಬುಕ್, ಟೈಮ್ ಕಾರ್ಡ್, ನೆಗೆಟಿವ್, ಪ್ರವೇಶ ಶುಲ್ಕದ ರಸೀದಿ, ಬಾನೆಟ್ಟಿಗೆ ಅಂಟಿಸಿದ್ದ ನಂಬರ್ ಸ್ಟಿಕರ್, ಏನೇ ಸಿಕ್ಕರೂ ತೂಕಕ್ಕೆ ಹಾಕಬೇಡಿ. ಫೋಟೊದ ಹಿಂದೆ ಮೆತ್ತಗಿನ ಪೆನ್ಸಿಲಿನಲ್ಲಿ ಇರುವವರ ಹೆಸರು, ಊರು, ಇಸವಿ ಬರೆಯಿರಿ. ಬಾಲ್‌ಪೆನ್ನಿನ ಗುರುತು ಮುಂದಕ್ಕೆ ಮೂಡುತ್ತದೆ. ಮಾರ್ಷಲ್ ಆಗಿ ಬಾವುಟ ಹಿಡಿದು ರಾತ್ರಿಯಿಡೀ ನಿಂತವರೂ ತಮ್ಮ ಹೆಸರು ಬರೆಯಲು ಸಂಕೋಚಪಡಬಾರದು. ಮೂಲ ನಿಮ್ಮ ಬಳಿಯೇ ಇರಲಿ. ಒಂದು ಸ್ಕ್ಯಾನ್ ಪ್ರತಿಯನ್ನು ಕ್ಲಬ್ಬಿಗೆ ಕೊಡಿ. ಮೊಬೈಲಿನಲ್ಲಿ ರೆಕಾರ್ಡ್ ಹಾಕಿಕೊಂಡು ನಿಮ್ಮ ಊರಿನ ಹಿರಿಯ ಮೆಕ್ಯಾನಿಕ್ಕನ್ನು ಈ ತಿಂಗಳೇ ಮಾತಾಡಿಸಿ.