ಒಳಗೆ, ಹೊರಗೆ ಮತ್ತು ಒಂಬತ್ತು ಎಲೆ

ನಮ್ಮ ದೇವನೂರಲ್ಲಿ ಯುಗಾದಿ ಅಂದ್ರೆ ಒಬ್ಬಟ್ಟು ಎಷ್ಟೋ ಇಸ್ಪೀಟೂ ಅಷ್ಟೇ. ಮರದಡಿ ಟವೆಲ್ ಹಾಸಿದರೆ 'ಒಳಗೆ-ಹೊರಗೆ' ಶುರು. ಪೇಟೆಯವರು ಅದನ್ನೇ ಅಂದರ್-ಬಾಹರ್ ಅಂತಾರೆ. "ಅಯ್ದು ಕಿತ ಹೊರಕ್ಕೇ ಬಿತ್ತು ಕನ ಮಗ, ಈ ಕಿತ ಒಳಕ್ಕೆ ಬಂದೇ ಬತ್ತದ" ಅನ್ನೋದು ನಮ್ಮ ಚಿಕ್ಕಪ್ಪನ ಲೆಕ್ಕ. ಒಂದು ಯುಗಾದಿಗೆ ಆ ಲೆಕ್ಕಕ್ಕೆ ಕರಾವಿನ ಹಸು ಹೋಯ್ತು. ಚಿಕ್ಕಮ್ಮ ಅತ್ತಿದ್ದು ನನಗಿನ್ನೂ ನೆನಪಿದೆ.

ಆ ಲೆಕ್ಕ ಎಲ್ಲಿ ತಪ್ಪು ಅಂತ ನನಗೆ ಗೊತ್ತಾಗಿದ್ದು ಬಿಇ ಓದುವಾಗ, ಹಾಸ್ಟೆಲಲ್ಲಿ ಪೋಕರ್ ಕಲಿತ ಮೇಲೆ. ಕೈಯಲ್ಲಿ ಎರಡು ಆಟೀನು, ನೆಲದ ನಾಲ್ಕು ಎಲೆಯಲ್ಲಿ ಇನ್ನೆರಡು ಆಟೀನು, ಬರಬೇಕಾದ್ದು ಒಂದೇ ಎಲೆ ಅಂತಿಟ್ಕೊಳ್ಳಿ. ಒಟ್ಟು 13 ಆಟೀನಲ್ಲಿ 4 ಕಂಡಾಯ್ತು, ಉಳಿದದ್ದು 9. ಇವನ್ನೇ ಔಟ್ಸ್ ಅನ್ನೋದು. ನಾವು ಕಾಣದ ಎಲೆ 46. ಅಂದ್ರೆ 37 ಎಲೆ ನಮಗೆ ವಿರುದ್ಧ, 9 ಪರ. ನಾಲ್ಕಕ್ಕೊಂದಕ್ಕಿಂತ ಸ್ವಲ್ಪ ಕಡಿಮೆ. 100 ರೂಪಾಯಿ ಹಾಕೋ ಮುಂಚೆ ರಾಶಿಯಲ್ಲಿ 411ಕ್ಕಿಂತ ಜಾಸ್ತಿ ಇದೆಯಾ ನೋಡಬೇಕು. ಇಲ್ಲಾಂದ್ರೆ ಎಲೆ ಮಡಚಿಟ್ಟು ಏಳಬೇಕು. ಒಳಗೆ-ಹೊರಗೆಯಲ್ಲಿ ಹೀಗೆ ಎಣಿಸೋಕೆ ಏನೂ ಇಲ್ಲ. ಪ್ರತಿ ಸಲ ಕಟ್ಟು ಕಲಸ್ತಾರೆ, ಹಿಂದಿನ ಐದು ಆಟ ಎಲೆಗಳಿಗೆ ನೆನಪಿರಲ್ಲ. ಮೊದಲ ಎಲೆ ಬೀಳೋ ಕಡೆಗೆ ನೂರಕ್ಕೆ ಐವತ್ತೊಂದೂವರೆ ಅನುಕೂಲ, ಅಷ್ಟೇ.

ಈ ವಿದ್ಯೆಗೆ 1654ರಲ್ಲಿ ಪ್ಯಾಸ್ಕಲ್ ಮತ್ತು ಫರ್ಮಾ ಬರೆದುಕೊಂಡ ಕಾಗದಗಳೇ ಮೂಲ ಅಂತ ಕ್ಲಾಸಲ್ಲಿ ಓದಿದ್ದೆ. ಆಮೇಲೆ ಕೈಗೆ ಸಿಕ್ಕಿದ್ದು ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ್ದು, ಅಂದಾಜು ಕ್ರಿ.ಶ. 850. ಸಂಸ್ಕೃತದಲ್ಲಿದೆ, ಎಂ. ರಂಗಾಚಾರ್ಯರು ಇಂಗ್ಲಿಷಿಗೆ ಮಾಡಿ 1912ರಲ್ಲಿ ಮದರಾಸಿನಿಂದ ಅಚ್ಚಾಯಿತು. ಇಷ್ಟರಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಅನ್ನೋದಕ್ಕೆ ಅದರಲ್ಲಿ ಸಾಮಾನ್ಯ ಸೂತ್ರವೇ ಇದೆ. ಆತ ಅದನ್ನು ಹಚ್ಚಿದ್ದು ಷಡ್ರಸಗಳಿಗೆ, ಹಾರದ ರತ್ನಗಳಿಗೆ. ನಾನು ಇಸ್ಪೀಟಿಗೆ ಹಚ್ಚಿದೆ: 52ನ್ನು 51ರಿಂದ ಗುಣಿಸಿ 2ರಿಂದ ಭಾಗಿಸಿ. ಪೋಕರಿನಲ್ಲಿ ಮೊದಲು ಕೈಗೆ ಬರೋ ಎರಡೆಲೆಯ ಜೋಡಿ 1,326 ಬಗೆ!

ಅದಕ್ಕಿಂತ ಮಜಾ ಅಂದ್ರೆ ಅದೇ ಪುಸ್ತಕದ ಕೋಳಿ ಅಂಕದ ಲೆಕ್ಕ. ಮಂತ್ರ, ಮದ್ದು ಬಲ್ಲ ಒಬ್ಬ ಇಬ್ಬರು ಹುಂಜದ ಯಜಮಾನರನ್ನೂ ಬೇರೆಬೇರೆ ಕರೆದು ಗುಟ್ಟಾಗಿ ಮಾತಾಡ್ತಾನೆ. ಗೆದ್ದರೆ ನಿನ್ನ ಪಣ ನನಗೆ. ಸೋತರೆ ಅದರ ಮೂರರಲ್ಲಿ ಎರಡು ಪಾಲು ನಾನೇ ಕೊಡ್ತೀನಿ ಅಂತ ಒಬ್ಬನಿಗೆ. ಇನ್ನೊಬ್ಬನಿಗೆ ಹಾಗೇ, ಆದರೆ ನಾಲ್ಕರಲ್ಲಿ ಮೂರು ಪಾಲು. ಯಾವ ಹುಂಜ ಗೆದ್ದರೂ ಇವನಿಗೆ 12 ಹೊನ್ನು ಉಳೀಬೇಕು, ಪಣ ಎಷ್ಟೆಷ್ಟು? ಉತ್ತರ 42 ಮತ್ತು 40. ತಾಳೆ ನೋಡಿ: 42ರಲ್ಲಿ 30 ಹೋದರೆ 12, 40ರಲ್ಲಿ 28 ಹೋದರೂ 12.

ಗೆಲ್ಲೋ ಹುಂಜ ಯಾವುದು ಅಂತ ಈ ಲೆಕ್ಕ ಕೇಳೋದೇ ಇಲ್ಲ. ಪ್ಯಾಸ್ಕಲ್ ಬರೆದದ್ದು ಅದರ ಮುಂದಿನ ಮಾತು: ಆಟ ಮುಗಿಯೋ ಮುಂಚೆ ಯಾರ ಅವಕಾಶಕ್ಕೆ ಎಷ್ಟು ಬೆಲೆ ಅಂತ. ನಮ್ಮ ಕೋರ್ಟುಗಳೂ ಇಂಥದ್ದೇ ಗೆರೆ ಎಳೆದಿವೆ. 1967ರಲ್ಲಿ ಸುಪ್ರೀಂ ಕೋರ್ಟು, ರಮ್ಮಿಯಲ್ಲಿ ಬಿದ್ದ ಎಲೆ ನೆನಪಿಡಬೇಕು, ಅದು ಮೂರೆಲೆ ಆಟದಂತೆ ಬರೀ ಅದೃಷ್ಟವಲ್ಲ ಅಂದಿತ್ತು.

ಹೋದ ಸಲ ಊರಿಗೆ ಹೋದಾಗ ಚಿಕ್ಕಪ್ಪನಿಗೆ ಈ ಹುಂಜದ ಕತೆ ಹೇಳಿ, 42, 40 ಎಲ್ಲ ಬಿಡಿಸಿ ತೋರಿಸಿದೆ. ಪೂರ್ತಿ ಕೇಳಿಸಿಕೊಂಡು ಬೀಡಿ ಹಚ್ಚಿ, "ಅದಿರ್ಲಿ ಕನ ಮಗ, ಕೊನೀಗೆ ಯಾವ ಹುಂಜ ಗೆದ್ದದ್ದು?" ಅಂದ.